ಅತ್ತಿಗೆಯ ಕ್ಯಾಸೆಟ್ ವ್ಯಾಪಾರ

ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಮೊನ್ನೆ ವಡಾಲದ ನಮ್ಮ ಟೇಲರ್ ಅಂಗಡಿಗೆ ಹೋಗಿದ್ದೆ. ವಯಸ್ಸಾದಂತೆ ಮನುಷ್ಯ ಕುಗ್ಗುತ್ತಾನಂತೆ. ನನ್ನ ಸೊಂಟಕ್ಕೆ ಆ ಸುದ್ದಿ ಇನ್ನೂ ತಲುಪಿಲ್ಲ. ಟೇಲರನ ಮೆಷಿನ್ ಪಕ್ಕದಲ್ಲಿ ಒಂದು ಹಳೆಯ ಟೂ-ಇನ್-ಒನ್ ಇತ್ತು. ಅದರ ರೇಡಿಯೊ ಈಗಲೂ ಹಾಡುತ್ತಿತ್ತು. ಆತ ಗುಂಡಿ ಒತ್ತಿದಾಗ ಕ್ಯಾಸೆಟ್ ಹಾಕುವ ಪುಟ್ಟ ಬಾಗಿಲು ಹಳೆಯ ಗತ್ತಿನಲ್ಲೇ ನಿಧಾನವಾಗಿ ತೆರೆದುಕೊಂಡಿತು. ಒಳಗಿನಿಂದ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತೆಗೆದು ನನ್ನ ಪ್ಯಾಂಟಿನ ಮೇಲೆ ಎರಡು ಗೆರೆ ಎಳೆದ. ಮತ್ತೆ ಒಳಗಿಟ್ಟು ಬಾಗಿಲು ಮುಚ್ಚಿದ. ನೀವಾಗಿದ್ದರೆ ನಗುತ್ತಿದ್ದಿರೇನೋ. ನನಗೆ ಮಾತ್ರ ಇದ್ದಕ್ಕಿದ್ದಂತೆ ಆಯಾಸವಾಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಒಂದು ಕಾಲದಲ್ಲಿ ನಾನೂ ಹೆಗಲಿಗೆ ಚೀಲ ಹಾಕಿಕೊಂಡು ಕ್ಯಾಸೆಟ್ ಮಾರುತ್ತಿದ್ದೆ ಎಂದರೆ ಆತ ನಂಬುತ್ತಿರಲಿಲ್ಲ.

ವ್ಯಾಪಾರ ನನ್ನದಲ್ಲ, ಅತ್ತಿಗೆಯದು. ಅವರ ಹೆಸರು ವಿಶಾಲಾಕ್ಷಿ. ಇದನ್ನು ಹೇಳಲು ಕಾರಣವಿದೆ. ಆ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ನನಗೆ ಅವರು ಅತ್ತಿಗೆ, ಬಿಲ್ಡಿಂಗಿನವರಿಗೆ ಮೂರ್ತಿ ಭಾಭಿ, ಪಾಠ ಹೇಳಿಸಿಕೊಳ್ಳಲು ಬರುತ್ತಿದ್ದ ಮಕ್ಕಳಿಗೆ ಟೀಚರ್. ಅಣ್ಣನಂತೂ ಅವರನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ, ಸುಮ್ಮನೆ "ಇವಳೇ" ಎನ್ನುತ್ತಿದ್ದ. ಅಣ್ಣನಿಗೆ ಬಂದರಿನ ಕಚೇರಿಯಲ್ಲಿ ಕೆಲಸ, ನನಗೆ ಫೋರ್ಟಿನ ಒಂದು ವಿಮಾ ಕಂಪನಿಯಲ್ಲಿ. ಮೈಸೂರಿನಿಂದ ಬಂದ ನಾವು ಮೂವರೂ ವಡಾಲದ ಒಂದೂವರೆ ಕೋಣೆಯಲ್ಲಿದ್ದೆವು. ಆ ಅರ್ಧ ಕೋಣೆ ನನ್ನದು, ನನ್ನ ಹಾರ್ಮೋನಿಯಮ್ಮಿನದು.

ಅತ್ತಿಗೆ ಹಾಡು ಕಟ್ಟುತ್ತಿದ್ದರು. ಕೂತು ಬರೆಯುವವರಲ್ಲ. ಅಕ್ಕಿ ಆರಿಸುತ್ತ, ಬಟ್ಟೆ ಒಣಹಾಕುತ್ತ ಒಂದು ಸಾಲು ಬರುತ್ತಿತ್ತು. ಸಾರು ಕುದಿಯುವ ಹೊತ್ತಿಗೆ ಇನ್ನೊಂದು. ದೇವಿಯ ಮೇಲೆ ಕೆಲವು ಹಾಡುಗಳಿದ್ದವು. ಮಿಕ್ಕವು ಮನೆಯವು. ಅವುಗಳಲ್ಲಿ ನೀರಿನ ಹಾಡು ಅಂತ ಒಂದು. ನಮ್ಮ ಬಿಲ್ಡಿಂಗಿನಲ್ಲಿ ಬೆಳಕು ಹರಿಯುವ ಮೊದಲೇ ನಲ್ಲಿ ಬರುತ್ತಿತ್ತು. ಮೊದಲು ಬರೀ ಗಾಳಿ, ಆಮೇಲೆ ಕೆಮ್ಮು, ಆಮೇಲೆ ನೀರು. ಕೊಡ ತುಂಬುತ್ತ ಬಂದಂತೆ ಅದರ ಸದ್ದು ಮೇಲಕ್ಕೇರುತ್ತದೆ, ಗಮನಿಸಿದ್ದೀರಾ? ಅತ್ತಿಗೆಯ ಧಾಟಿಯೂ ಹಾಗೇ ಏರುತ್ತಿತ್ತು. ಕೊಡ ತುಂಬಿತು ಎನ್ನುವಷ್ಟರಲ್ಲಿ ನಿಂತುಬಿಡುತ್ತಿತ್ತು. ಮುಂದೆ ಪಕ್ಕದ ಮನೆಯ ಸರದಿ.

ದೇವಿಯ ಹಾಡುಗಳನ್ನು ಭಜನೆಯಲ್ಲಿ ಕೇಳಿದವರು ಯಾರೋ ಹೇಳಿದರೆಂದು ಒಂದು ಕ್ಯಾಸೆಟ್ ಕಂಪನಿಗೆ ಹೋದೆವು. ಅಲ್ಲಿನ ಮನುಷ್ಯ ಮರ್ಯಾದಸ್ಥ. ಕೂರಿಸಿ ಎಲ್ಲವನ್ನೂ ಕೇಳಿದ. ದೇವಿಯ ಹಾಡುಗಳು ಚೆನ್ನಾಗಿವೆ, ಕೊಟ್ಟುಬಿಡಿ, ಒಮ್ಮೆಗೇ ಒಂದು ಮೊತ್ತ ಕೊಡುತ್ತೇವೆ, ಹಾಡುವವರು ನಮ್ಮಲ್ಲೇ ಇದ್ದಾರೆ ಎಂದ. ನೀರಿನ ಹಾಡಿಗೆ ನಕ್ಕು, ಇದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದ. ಬರೆದವರ ಹೆಸರು ಹಾಕುತ್ತೀರಾ ಎಂದು ಅತ್ತಿಗೆ ವಿಚಾರಿಸಿದರು. ಜಾಗವಿದ್ದರೆ ನೋಡೋಣ ಎಂದ. ಮೆಟ್ಟಿಲಿಳಿಯುವಾಗ ಅತ್ತಿಗೆ ಒಂದೇ ಮಾತು ಹೇಳಿದರು: "ನಾವೇ ಮಾಡೋಣ ಕಣಯ್ಯ."

ವಿಮಾ ಕಂಪನಿಯ ಗುಮಾಸ್ತನಾದ್ದರಿಂದ ಮನೆಯಲ್ಲಿ ನಾನೇ ಅರ್ಥಶಾಸ್ತ್ರಜ್ಞ. ಲೆಕ್ಕ ಹಾಕಿದೆ. ಆ ಲೆಕ್ಕ ನೆನೆದರೆ ಈಗಲೂ ಸುಸ್ತಾಗುತ್ತದೆ. ಸ್ಟುಡಿಯೊಗೆ ಪಾಳಿಯ ಲೆಕ್ಕದಲ್ಲಿ ಬಾಡಿಗೆ. ತಬಲಾದವರಿಗೆ, ಕೊಳಲಿನವರಿಗೆ ಅವರವರ ಪಾಳಿ. ಹಾರ್ಮೋನಿಯಮ್ಮಿನವನು ಮನೆಯವನಾದ್ದರಿಂದ ಪುಕ್ಕಟೆ, ಅವನ ಮಟ್ಟವೂ ಅಷ್ಟೇ. ಕಾಪಿ ಮಾಡುವ ಕಾರ್ಖಾನೆಯವರು ಸಾವಿರಕ್ಕೆ ಕಡಿಮೆ ಮುಟ್ಟುವುದಿಲ್ಲ ಎಂದರು. ಡಬ್ಬಿಯೊಳಗೆ ಮಡಿಸಿಡುವ ಬಣ್ಣದ ಕಾರ್ಡನ್ನು ಒಂದು ಸಾವಿರ ಅಚ್ಚು ಹಾಕಿದರೂ ಹೆಚ್ಚುಕಡಿಮೆ ಅದೇ ಖರ್ಚು, ಮೂರು ಸಾವಿರ ಹಾಕಿದರೂ ಅದೇ. ಎರಡನೇ ಕಂತು, ಮೂರನೇ ಕಂತು ತೆಗೆಯುವಾಗ ಉಳಿತಾಯವಾಗುತ್ತದೆಂದು ನಾನು ಮೂರು ಸಾವಿರವೇ ಹಾಕಿಸಿದೆ. ನನ್ನ ಅರ್ಥಶಾಸ್ತ್ರದ ಶಿಖರ ಅದು. ದುಡ್ಡು ಬಂದದ್ದು ಭಿಶಿಯಿಂದ. ಬಿಲ್ಡಿಂಗಿನ ಹೆಂಗಸರು ತಿಂಗಳು ತಿಂಗಳೂ ಕೂಡಿಹಾಕಿ ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುತ್ತಿದ್ದ ಗಂಟು ಅದು. ಬೇರೆಯವರು ತಮ್ಮ ಸರದಿಯಲ್ಲಿ ಫ್ರಿಜ್ ತಂದರು. ಅತ್ತಿಗೆ ಕ್ಯಾಸೆಟ್ ತಂದರು.

ರೆಕಾರ್ಡಿಂಗ್ ಒಂದು ಮಧ್ಯಾಹ್ನ ಮುಗಿಯಿತು. ಸ್ಟುಡಿಯೊದ ಹಿಂದೆಯೇ ರೈಲಿನ ಹಳಿ. ಲೋಕಲ್ ಹೋದಾಗಲೆಲ್ಲ ನಿಲ್ಲಿಸಬೇಕು, ನಿಂತಷ್ಟು ಹೊತ್ತೂ ಬಾಡಿಗೆ ಓಡುತ್ತಿರುತ್ತದೆ. ಎರಡು ಲೋಕಲ್ಲುಗಳ ನಡುವಿನ ಸಂದಿಯಲ್ಲಿ ಅತ್ತಿಗೆ ಹಾಡಿದರು. ಬೆವರಿ ನೆನೆದ ಸೀರೆ, ಗಾಜಿನ ಆಚೆ ಆಕಳಿಸುವ ಇಂಜಿನಿಯರ್. ಆದರೆ ಆ ದನಿ ಆ ದಿನ ಹೇಗೆ ನಿಂತಿತ್ತೆಂದರೆ ತಬಲಾದವರು ಪಾಳಿ ಮುಗಿದರೂ ಎದ್ದುಹೋಗದೆ ಕೊನೆಯ ಹಾಡಿಗೆ ಕೂತರು. ಕಾರ್ಡುಗಳು ಅಚ್ಚಾಗಿ ಬಂದಾಗ ಅತ್ತಿಗೆ ಒಂದನ್ನು ತೆಗೆದು ಬಹಳ ಹೊತ್ತು ನೋಡಿದರು. ಸಣ್ಣ ಫೋಟೊ, ಅದರ ಕೆಳಗೆ: ರಚನೆ, ಸಂಗೀತ, ಗಾಯನ, ವಿಶಾಲಾಕ್ಷಿ.

ಆಮೇಲೆ ಮಾರುವ ಕೆಲಸ. ಆಫೀಸ್ ಬಿಟ್ಟ ಮೇಲೆ ಚೀಲ ಹೊತ್ತು ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದೆ. ಇಟ್ಟು ಹೋಗಿ, ಮಾರಾಟವಾದರೆ ಕೊಡುತ್ತೇವೆ ಎನ್ನುತ್ತಿದ್ದರು. ಮುಂದಿನ ತಿಂಗಳು ಹೋದರೆ ಅದರ ಮುಂದಿನ ತಿಂಗಳು ಬನ್ನಿ ಎನ್ನುತ್ತಿದ್ದರು. ಕೊಟ್ಟವರೂ ಅರ್ಧದಷ್ಟು ಕಮಿಷನ್ ಹಿಡಿದುಕೊಂಡೇ ಕೊಟ್ಟರು. ಫೋರ್ಟಿನಲ್ಲಿ ನಾನು ದಿನವೂ ಊಟ ಮಾಡುತ್ತಿದ್ದ ಉಡುಪಿ ಹೋಟೆಲಿನ ಶೆಟ್ಟರೊಬ್ಬರು ಮಾತ್ರ, "ಇಲ್ಲಿ ಇಡಿ ಮಾರಾಯ್ರೆ, ನನಗೆ ಕಮಿಷನ್ ಎಂತದೂ ಬೇಡ" ಎಂದು ಗಲ್ಲಾದ ಮೇಲೆ ಸೋಂಪಿನ ತಟ್ಟೆಯ ಪಕ್ಕದಲ್ಲಿ ಜಾಗ ಕೊಟ್ಟರು. ಗಿರಾಕಿಗಳು ಸೋಂಪು ತಿಂದರು, ಕ್ಯಾಸೆಟ್ ತಿರುಗಿಸಿ ನೋಡಿದರು, ಚಿಲ್ಲರೆ ಎಣಿಸಿಕೊಂಡು ಹೋದರು. ಮಾಟುಂಗದ ಅಂಗಡಿಯವನೊಬ್ಬ ನಮ್ಮ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, ಟೇಪು ಒಳ್ಳೆಯದೇ ಇದೆ ಎಂದು ಮೆಚ್ಚಿ, ಮೆಲ್ಲಗೆ ಹೇಳಿದ: "ಖಾಲಿ ಇದ್ದಿದ್ರೆ ನಾನೇ ಅಷ್ಟೂ ತಗೋತಿದ್ದೆ ಸಾರ್." ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಈ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಉಳಿದ ಪೆಟ್ಟಿಗೆಗಳೂ ಹೆಚ್ಚಿನ ಕಾರ್ಡಿನ ಕಟ್ಟುಗಳೂ ಅಣ್ಣನ ಮಂಚದ ಕೆಳಗಿದ್ದವು. ಅಣ್ಣ ಚಪ್ಪಲಿ ಹುಡುಕುವಾಗ ಸ್ವಲ್ಪ ಜೋರಾಗಿ ಉಸಿರು ಬಿಡುತ್ತಿದ್ದ.

ಹೀಗಿರುವಾಗ ಒಂದು ಸಂಜೆ, ಯಾವುದೋ ಕೆಲಸಕ್ಕೆ ಕುರ್ಲಾದಲ್ಲಿ ಇಳಿದೆ. ಸ್ಟೇಷನ್ ಹೊರಗಿನ ಗದ್ದಲದಲ್ಲಿ ಅತ್ತಿಗೆ ಹಾಡುತ್ತಿದ್ದರು. ನೀರಿನ ಹಾಡು. ಒಂದು ಕ್ಷಣ ನನಗಾದ ಸಂತೋಷವನ್ನು ಏನೆಂದು ಹೇಳಲಿ, ನಡುರಸ್ತೆಯಲ್ಲಿ ನಿಂತುಬಿಟ್ಟೆ. ಕೈಗಾಡಿಯವನೊಬ್ಬ ಬೈದು ಸರಿಸಿದ. ದನಿ ಬರುತ್ತಿದ್ದದ್ದು ಫುಟ್‌ಪಾತಿನ ಒಂದು ಕ್ಯಾಸೆಟ್ ಅಂಗಡಿಯಿಂದ. ಹತ್ತಿರ ಹೋಗಿ ನೋಡಿದರೆ ಅಲ್ಲಿದ್ದದ್ದು ನಮ್ಮ ಕ್ಯಾಸೆಟ್ಟಲ್ಲ, ಅದರ ಕಳ್ಳ ಕಾಪಿ. ಕ್ಯಾಲೆಂಡರಿನಿಂದ ಕತ್ತರಿಸಿದಂಥ ದೇವಿಯ ಚಿತ್ರ, ಮೇಲೆ ಕನ್ನಡ ಭಕ್ತಿಗೀತೆ ಎಂದಷ್ಟೇ ಇತ್ತು. ಬೆಲೆ ನಮ್ಮದರ ಅರ್ಧಕ್ಕಿಂತ ಕಡಿಮೆ. ನಾನು ನಿಂತಿದ್ದಾಗಲೇ ಒಬ್ಬಳು ಸೆರಗಿನ ಗಂಟು ಬಿಚ್ಚಿ ಒಂದನ್ನು ಕೊಂಡುಹೋದಳು.

ಮನೆಗೆ ಬಂದು ಹೇಳಿದೆ. ನನಗೆ ಕೋಪ ಉಕ್ಕುತ್ತಿತ್ತು. ಅತ್ತಿಗೆ ಒಲೆಯ ಮುಂದಿನಿಂದ ತಿರುಗದೆ, ಯಾವ ಹಾಡು ಹಾಕಿದ್ದರು ಎಂದು ಕೇಳಿದರು. ಹೇಳಿದೆ. ಸಾರಿಗೆ ಉಪ್ಪು ಹಾಕಿ, "ಹೆಸರಿತ್ತಾ?" ಎಂದರು.

"ಇಲ್ಲ."

ನಮ್ಮ ಆಫೀಸಿನ ವಕೀಲರನ್ನು ಕೇಳಿದೆ. ಕೇಸು ಹಾಕಬಹುದು, ಆದರೆ ಅದರ ಖರ್ಚಿನಲ್ಲಿ ನೀವು ಇನ್ನೊಂದು ಕ್ಯಾಸೆಟ್ ತೆಗೆಯಬಹುದು ಎಂದರು. ಆ ಭಾನುವಾರ ಅತ್ತಿಗೆ ತರಕಾರಿ ಚೀಲ ಹಿಡಿದು ನನ್ನನ್ನು ಕುರ್ಲಾಕ್ಕೆ ಹೊರಡಿಸಿದರು. ಜಗಳಕ್ಕೆ ಎಂದುಕೊಂಡು ನಾನು ರೈಲಿನಲ್ಲಿ ಹಿಂದಿ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅವು ಬೇಕಾಗಲಿಲ್ಲ. ಅಂಗಡಿಯ ಬಸಣ್ಣ ಬಿಜಾಪುರದ ಕಡೆಯವನು. ನಾವು ಯಾರೆಂದು ತಿಳಿದಾಗ ಎದ್ದು ನಿಂತ.

"ನಾ ಒಬ್ಬಂವ ಮಾಡಿದ್ದಲ್ರಿ ಅಕ್ಕಾರ. ಮ್ಯಾಲಿನವ್ರು ಮಾಡಿ ಕೊಡ್ತಾರ, ನಾ ಮಾರ್ತೀನಿ."

ಅತ್ತಿಗೆ ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. "ಯಾರು ತಗೋತಾರೆ?" ಎಂದು ಕೇಳಿದರು.

"ನಮ್ಮ ಮಂದೀನ ರೀ. ರಸ್ತಾ ಕೆಲಸಕ್ಕ ಬಂದವ್ರು, ಬಿಲ್ಡಿಂಗ್ ಕೆಲಸದವ್ರು. ದೇವಿ ಹಾಡು ಇರ್ಲಿ, ಹೆಣ್ಮಕ್ಳು ನೀರಿನ ಹಾಡು ಹಾಕು ಅಂತಾರ್ರಿ. ಮತ್ತ ಮತ್ತ ಹಾಕು ಅಂತಾರ."

ಅತ್ತಿಗೆ ಚೀಲದಿಂದ ಕಟ್ಟುಗಳನ್ನು ತೆಗೆದು ಅವನ ಹಲಗೆಯ ಮೇಲಿಟ್ಟರು. ನಾನು ಹೆಚ್ಚಿಗೆ ಅಚ್ಚು ಹಾಕಿಸಿದ್ದ ಕಾರ್ಡುಗಳು. "ಇದನ್ನ ಡಬ್ಬಿಯೊಳಗೆ ಹಾಕಿ ಕೊಡಿ. ದುಡ್ಡು ಬೇಡ. ಆ ದೇವಿ ಚಿತ್ರ ತೆಗೆದುಬಿಡಿ," ಎಂದರು.

ಬಸಣ್ಣ ಕಾರ್ಡಿನ ಫೋಟೊ ನೋಡಿದ, ಅತ್ತಿಗೆಯ ಮುಖ ನೋಡಿದ. ನಮ್ಮ ಮನೆ ಎಲ್ಲಿ ಎಂದು ಕೇಳಿಕೊಂಡು, ಪಕ್ಕದ ಗಾಡಿಯಿಂದ ಎರಡು ಕಟಿಂಗ್ ಚಹಾ ತರಿಸಿದ. ಹೊರಗೆ ಎಂದೂ ಚಹಾ ಕುಡಿಯದ ಅತ್ತಿಗೆ ನಿಂತುಕೊಂಡೇ ಕುಡಿದರು. ವಾಪಸು ಬರುವಾಗ ನಾನು ತಡೆಯಲಾರದೆ, ಇನ್ನು ಮೇಲೆ ನಮ್ಮ ಕ್ಯಾಸೆಟ್ಟನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದೆ.

"ಈಗ ಯಾರು ಕೊಳ್ತಿದಾರೆ?" ಎಂದು ಕಿಟಕಿಯ ಆಚೆ ನೋಡಿದರು.

ನಾನು ಹೆದರಿದಂತೆಯೇ ಆಯಿತು. ಕಳ್ಳ ಕ್ಯಾಸೆಟ್ಟಿಗೆ ಅಸಲಿ ಮುಖ ಬಂದ ಮೇಲೆ ಅಂಗಡಿಗಳವರು ನಮ್ಮದನ್ನು ಹಿಂತಿರುಗಿಸಿದರು. ಅದೇ ಮಾಲು ಕಡಿಮೆ ಬೆಲೆಗೆ ಸಿಗುತ್ತದಲ್ಲ ಎಂದರು, ನ್ಯಾಯವಾದ ಮಾತೇ. ಕೊನೆಗೆ ಅಣ್ಣನೇ ಇಂಗ್ಲಿಷ್ ಮಾತಾಡಲು ಕಲಿಸುವ ಒಂದು ಕ್ಲಾಸಿನವರಿಗೆ ಪೆಟ್ಟಿಗೆಗಳನ್ನು ಖಾಲಿ ಟೇಪಿನ ಬೆಲೆಗೆ ದಾಟಿಸಿದ. ಅವರು ಹಾಡಿನ ಮೇಲೆಯೇ ಪಾಠ ತುಂಬಿಕೊಂಡರು. ಪಾಠ ಚಿಕ್ಕದು, ಟೇಪು ಉದ್ದ. ಹಲೋ, ಹೌ ಆರ್ ಯೂ ಎಲ್ಲ ಮುಗಿದ ಮೇಲೆ ಉಳಿದ ಜಾಗದಲ್ಲಿ ಅತ್ತಿಗೆ ಹಾಡುತ್ತಿದ್ದರಂತೆ. ಅಲ್ಲಿ ಕಲಿತವನೊಬ್ಬ ಹೇಳಿದ.

ಆದರೆ ಇನ್ನೊಂದೂ ಆಯಿತು. ಸೊಲ್ಲಾಪುರದಿಂದ ಇಬ್ಬರು ಕಾರ್ಡಿನ ಹೆಸರು ಹಿಡಿದು, ಬಸಣ್ಣನನ್ನು ವಿಚಾರಿಸಿ, ಮನೆಗೆ ಬಂದರು. ವಿಶಾಲಾಕ್ಷಿಯಮ್ಮನವರು ಇದ್ದಾರೆಯೇ ಎಂದು ಬಾಗಿಲಲ್ಲಿ ಕೇಳಿದಾಗ, ಅಂಥವರು ಇಲ್ಲಿಲ್ಲ ಎನ್ನಲು ಅಣ್ಣ ಬಾಯಿ ತೆರೆದಿದ್ದ. ನವರಾತ್ರಿಗೆ ಅತ್ತಿಗೆಯನ್ನೂ ಹಾರ್ಮೋನಿಯಮ್ ಸಮೇತ ನನ್ನನ್ನೂ ಕರೆದುಕೊಂಡು ಹೋದರು. ಬಸ್ಸಿನ ಖರ್ಚು, ಒಂದು ಸೀರೆ, ಒಂದು ತೆಂಗಿನಕಾಯಿ. ನೇಕಾರರ ಕೇರಿಯಲ್ಲಿ ಪೆಂಡಾಲು. ನೀರಿನ ಹಾಡು ಶುರುವಾದಾಗ ಹೆಂಗಸರ ಸಾಲು ಪೂರ್ತಿ ಜೊತೆಗೆ ಹಾಡಿತು; ಧಾಟಿ ಏರಿ ಏರಿ ನಿಲ್ಲುವ ಕಡೆ ಸರಿಯಾಗಿ ನಿಂತಿತು. ಹಾರ್ಮೋನಿಯಮ್ ಮೇಲೆ ನಾನೊಬ್ಬನೇ ಒಂದು ಸ್ವರ ಮುಂದೆ ಹೋದೆ. ಹೀಗೆ ಕೆಲವು ವರ್ಷ ಅಲ್ಲಿ ಇಲ್ಲಿ ಕರೆಗಳು ಬಂದವು. ಆಮೇಲೆ ಅತ್ತಿಗೆಯ ದನಿ ಒಡೆಯಿತು, ಕರೆಗಳು ನಿಂತವು, ಸಿಡಿ ಬಂತು, ಬಸಣ್ಣನ ಅಂಗಡಿ ಇದ್ದ ಜಾಗದಲ್ಲಿ ಬೆಲ್ಟು ಮಾರತೊಡಗಿದರು.

ಈ ಕಥೆಯನ್ನು ಎಷ್ಟೋ ಕಡೆ ಹೇಳಿದ್ದೇನೆ. ಹಣಕ್ಕಿಂತ ಹೆಸರು ದೊಡ್ಡದೆಂದು ತಿಳಿದಿದ್ದ ಕಲಾವಿದೆ ಎಂದು ಅತ್ತಿಗೆಯನ್ನು ಸ್ವಲ್ಪ ಎತ್ತರಕ್ಕೆ ಏರಿಸಿಯೇ ಹೇಳುತ್ತಿದ್ದೆ. ಮೊನ್ನೆ ಟೇಲರ್ ಅಂಗಡಿಯಿಂದ ಎದ್ದವನು ಮನೆಗೆ ಹೋಗಲಿಲ್ಲ. ಕುರ್ಲಾದಲ್ಲಿ ರೈಲು ಬದಲಿಸಿ ಮುಲುಂಡಿನ ಲೋಕಲ್ ಹಿಡಿದೆ. ಅಣ್ಣ ಹೋದ ಮೇಲೆ ಅತ್ತಿಗೆ ಅಲ್ಲಿ, ಕ್ಯಾಸೆಟ್ ಕಾಲದ ನಂತರ ಹುಟ್ಟಿದ ಮಗಳ ಮನೆಯಲ್ಲಿದ್ದಾರೆ. ಬಾಲ್ಕನಿಯಲ್ಲಿ ಕೂತು ಮೆಂತ್ಯ ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ಎಳೆದುಕೊಂಡು ಕೂತೆ. ಇಷ್ಟು ವರ್ಷ ಕೇಳದೇ ಉಳಿದಿದ್ದನ್ನು ಕೇಳಿದೆ: ಆ ಕಾರ್ಡುಗಳನ್ನು ಅವನಿಗೆ ಯಾಕೆ ಕೊಟ್ಟಿರಿ?

ಅವರು ಒಡಕು ದನಿಯಲ್ಲಿ ನಕ್ಕರು. "ಸುಸ್ತಾಗಿತ್ತು ಕಣಯ್ಯ. ಗುಡಿಸೋವಾಗೆಲ್ಲ ಆ ಕಟ್ಟು ಪೊರಕೆಗೆ ತಾಗೋದು. ಎಲ್ಲಾದ್ರೂ ಹೋಗ್ಲಿ ಅನ್ನಿಸ್ತು." ಒಂದು ಕಡ್ಡಿಯ ಎಲೆ ಬಿಡಿಸಿ ಮುಗಿಸಿ ಹೇಳಿದರು: "ಹೋಯ್ತಲ್ಲ."

ಕಳೆದುಹೋಯಿತು ಎಂದರೋ, ದೂರ ಹೋಗಿ ತಲುಪಿತು ಎಂದರೋ ಮುಖ ನೋಡಿದರೆ ತಿಳಿಯಲಿಲ್ಲ. ಕೇಳಬೇಕು ಎಂದೂ ಅನ್ನಿಸಲಿಲ್ಲ. ಮೆಂತ್ಯ ಇನ್ನೂ ಬಹಳ ಇತ್ತು.