ಅಪ್ಪನ ಹೆಸರಿಗೆ ಬಂದ ಕಾಗದ

ನಮ್ಮಪ್ಪ ಚನ್ನಬಸಪ್ಪನವರು ತೀರಿಕೊಂಡ ನಾಲ್ಕು ತಿಂಗಳಿಗೆ ಅವರ ಹೆಸರಿಗೇ ಒಂದು ಕಾಗದ ಬಂತು. ಖುದ್ದಾಗಿ ಬರಬೇಕು ಅಂತ ಅದರಲ್ಲಿ ಬರೆದಿತ್ತು. ಶರಣ ಬಂಧುಗಳೇ, ಅದನ್ನು ಓದಿದ ಗಳಿಗೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಅದು ಎಪ್ಪತ್ನಾಲ್ಕನೇ ಇಸವಿ. ದಾವಣಗೆರೆ ಕಡೆಯವರಾದ ನಾವು ರಾಜಾಜಿನಗರದಲ್ಲಿ ಬಾಡಿಗೆಗಿದ್ದೆವು. ಅಪ್ಪನಿಗೆ ಕಾರ್ಖಾನೆಯಲ್ಲಿ ಲೇತ್ ಕೆಲಸ. ಎದೆನೋವು ಅಂತ ಆಸ್ಪತ್ರೆ ಸೇರಿದವರು ಒಂಬತ್ತನೇ ದಿನಕ್ಕೆ ಹೋಗಿಬಿಟ್ಟರು. ಹಿಂದಿನ ದಿನ ನನ್ನ ಕೈ ಹಿಡಿದು, "ನೀನು ಡಿಗ್ರಿ ಕಾಲೇಜು ಸೇರೋ ದಿನ ನಾನೇ ಜೊತೆಗೆ ಬರ್ತೀನಿ ಕಣೇ ನೀಲಾ" ಅಂದಿದ್ದರು. ನಮ್ಮ ಪದ್ಧತಿಯಂತೆ ಅವರು ದಿನಾ ಪೂಜಿಸುತ್ತಿದ್ದ ಇಷ್ಟಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಮಣ್ಣು ಮಾಡಿದರು. ಅದನ್ನಿಡುತ್ತಿದ್ದ ಬೆಳ್ಳಿ ಕರಡಿಗೆ ಮಾತ್ರ ಬರಿದಾಗಿ ಮನೆಗೆ ಬಂತು.

ಅವ್ವ ಅಳಲಿಲ್ಲ. ಸಂಜೆ ಕಾರ್ಖಾನೆಯ ಸೈರನ್ ಕೂಗಿದ ಕೂಡಲೇ ಎದ್ದು ಕಾಫಿಗೆ ನೀರಿಡುತ್ತಿದ್ದಳು. ಗೇಟಿನ ಚಿಲಕ ಸದ್ದಾದರೆ ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡುವ ಧೈರ್ಯ ಇರುತ್ತಿರಲಿಲ್ಲ.

ಪಿಯುಸಿಯಲ್ಲಿ ನನಗೆ ಫಸ್ಟ್ ಕ್ಲಾಸ್ ಬಂತು. ಬಿಎಸ್ಸಿಗೆ ಸೀಟೂ ಸಿಕ್ಕಿತು, ಆದರೆ ಫೀಸು ಕಟ್ಟಲು ಏನೂ ಇರಲಿಲ್ಲ. ಸೋದರಮಾವ ಟೈಪಿಂಗ್ ಕಲಿತರೆ ಸಾಕು ಅಂದುಬಿಟ್ಟರು. ಚಾಮರಾಜಪೇಟೆಯ ಒಂದು ಟ್ರಸ್ಟ್ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆಂದು ನಮ್ಮ ಮೇಷ್ಟರು ಅರ್ಜಿ ತಂದುಕೊಟ್ಟರು. ತಂದೆಯ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ 'ಲೇಟ್' ಅಂತ ಸೇರಿಸಬೇಕು ಅಂತಲೂ ಹೇಳಿದ್ದರು. ಅವ್ವ ಸುತರಾಂ ಒಪ್ಪಲಿಲ್ಲ.

"ಅವ್ರು ಯಾವತ್ತು ಲೇಟಾಗಿ ಬಂದಾರೆ? ನಮ್ಮೋರು ಹೋದ್ರೆ ಲಿಂಗೈಕ್ಯ ಅಂತೀವಿ. ಹಂಗೇ ಬರಿ" ಅಂದಳು.

ಹಾಗೇ ಇಂಗ್ಲಿಷ್ ಅಕ್ಷರದಲ್ಲಿ 'ಲಿಂಗೈಕ್ಯ ಚನ್ನಬಸಪ್ಪ' ಅಂತ ಬರೆದು ಕಳಿಸಿದೆ. ಸಂಬಳದ ಜಾಗ ಖಾಲಿ ಬಿಟ್ಟೆ.

ಮೂರು ವಾರ ಸುದ್ದಿಯೇ ಇಲ್ಲ. ಫೀಸು ಕಟ್ಟುವ ಕೊನೆಯ ದಿನ ಹತ್ತಿರ ಬಂತು. ಒಂದು ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತವಳಿಗೆ ಮಂತ್ರ ಬರಲಿಲ್ಲ, ಸಿಟ್ಟು ಬಂತು. ಬರ್ತೀನಿ ಅಂದವರನ್ನ ಕರಕೊಂಡುಬಿಟ್ಟೆಯಲ್ಲ, ಒಂದೇ ಒಂದು ದಿನದ ಮಟ್ಟಿಗೆ ವಾಪಸ್ ಕಳಿಸು ಅಂತ ಜಗಳವಾಡಿದೆ.

ಅವತ್ತು ಮಧ್ಯಾಹ್ನವೇ ಕಾಗದ ಬಂತು. ಶ್ರೀ ಲಿಂಗೈಕ್ಯ ಚನ್ನಬಸಪ್ಪನವರು ಶುಕ್ರವಾರ ಸಂಬಳದ ಚೀಟಿಯೊಂದಿಗೆ ಖುದ್ದಾಗಿ ಬರತಕ್ಕದ್ದು, ತಪ್ಪಿದರೆ ಅರ್ಜಿ ರದ್ದು. ಕಾಗದ ಬರೆದ ಗುಮಾಸ್ತರಿಗೆ ನಮ್ಮವರ ಈ ಮಾತು ಗೊತ್ತಿಲ್ಲ, ಲಿಂಗೈಕ್ಯ ಅನ್ನುವುದನ್ನೂ ಹೆಸರೇ ಅಂದುಕೊಂಡಿದ್ದಾರೆ ಅಂತ ನನಗೆ ತಿಳಿಯಿತು. ಆದರೂ ಬೆಳಗ್ಗೆ ನಾನು ಆಡಿದ ಮಾತು ನೆನಪಾಗಿ ಹೆದರಿಕೆಯಾಯಿತು. ಅವ್ವ ಮಾತ್ರ ಹೆದರಲಿಲ್ಲ. "ಕರೆದಾರಲ್ಲ, ಹೋಗೋಣ" ಅಂದಳು.

ಶುಕ್ರವಾರ ಸೆರಗಿನ ಗಂಟಿನಲ್ಲಿ ಕರಡಿಗೆ ಕಟ್ಟಿಕೊಂಡು ಹೊರಟಳು. ಬಸ್ಸಿನಲ್ಲಿ ಮೂರು ಟಿಕೆಟ್ ಕೇಳಿದಳು. ಕಂಡಕ್ಟರ್ ನಮ್ಮ ಹಿಂದೆ ಮುಂದೆ ನೋಡಿ, ಮೂರನೆಯವರು ಎಲ್ಲಿ ಅಂತ ಕೇಳಿದ. ಅವ್ವ ಮೂರು ಟಿಕೆಟ್ಟಿನ ದುಡ್ಡನ್ನೇ ಎಣಿಸಿ ಕೊಟ್ಟಳು. ಬಸ್ಸು ತುಂಬಿದ್ದರೂ ನಮ್ಮ ಪಕ್ಕದ ಸೀಟಿನಲ್ಲಿ ದಾರಿಯುದ್ದಕ್ಕೂ ಯಾರೂ ಕೂರಲಿಲ್ಲ.

ಟ್ರಸ್ಟಿನ ಕಚೇರಿಯಲ್ಲಿ ಗುಮಾಸ್ತರು ಅಪ್ಪನ ಹೆಸರು ಕೂಗಿದಾಗ ಅವ್ವ ಎದ್ದು, "ಬಂದಾರೆ" ಅಂದು ಕರಡಿಗೆಯನ್ನು ಮೇಜಿನ ಮೇಲಿಟ್ಟಳು. ನಾನು ತಡವರಿಸುತ್ತಾ ಎಲ್ಲ ವಿವರಿಸಿದೆ. ಪಾಪ, ಅವರ ಮುಖ ಕಪ್ಪಿಟ್ಟಿತು. ಆದರೆ ಮರಣದ ದಾಖಲೆ ಇಟ್ಟು ಹೊಸ ಅರ್ಜಿಯನ್ನೇ ಹಾಕಬೇಕು, ಅದರ ಕಾಲ ಮುಗಿದಿದೆ ಅಂದರು. ಅಪ್ಪ ಬದುಕಿದ್ದಾರೆ ಅಂತ ಬರೆದಿದ್ದ ಜಾಗ ಲೋಕದಲ್ಲಿ ಅದೊಂದೇ, ಅಲ್ಲೂ ನಾನೇ ನನ್ನ ಬಾಯಿಂದ ಅವರನ್ನು ಅಳಿಸಿಬಿಟ್ಟಿದ್ದೆ.

ಆಗ ಮೂಲೆಯ ಕುರ್ಚಿಯಿಂದ ಒಬ್ಬ ಹಿರಿಯರು ಎದ್ದು ಬಂದರು. ಟ್ರಸ್ಟಿನ ಯಜಮಾನರಂತೆ, ಹಣೆಯ ಮೇಲೆ ಮೂರು ನಾಮ. ಅಪ್ಪಣೆ ಕೇಳಿ ಕರಡಿಗೆ ತೆರೆದರು. ಒಳಗೆ ವಿಭೂತಿಯ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಮುಚ್ಚಿ ಅವ್ವನ ಕೈಗೆ ಕೊಟ್ಟು ಗುಮಾಸ್ತರ ಕಡೆ ತಿರುಗಿದರು.

"ತಂದೆ ಹಾಜರ್ ಅಂತ ಬರ್ಕೊಳ್ರೀ. ಆ ದಾಖಲೆ ಮುಂದಿನ ವಾರ ತಂದುಕೊಡಲಿ."

ನನ್ನ ಮೂರು ವರ್ಷದ ಓದು ಆ ಒಂದು ಮಾತಿನಿಂದ ನಡೆಯಿತು.

ಮುಂದಿನ ವಾರವೇ ಮರಣದ ದಾಖಲೆ ಕೊಟ್ಟುಬಂದೆ, ಆದರೂ ರಿಜಿಸ್ಟರಿನಲ್ಲಿ ಹೆಸರು ಹಾಗೇ ಉಳಿಯಿತು. ಪ್ರತಿ ಜೂನ್‌ನಲ್ಲೂ ಕಾಗದ ಶ್ರೀ ಲಿಂಗೈಕ್ಯ ಚನ್ನಬಸಪ್ಪನವರಿಗೇ ಬರುತ್ತಿತ್ತು. ತಿದ್ದಲಾ ಅಂತ ಗುಮಾಸ್ತರು ಒಮ್ಮೆ ಕೇಳಿದರು, ಬೇಡ ಸಾರ್ ಅಂದೆ. ಒಂದು ದಿನ ಕಳಿಸು ಅಂದಿದ್ದೆ, ಅಂಗೈಯ ಲಿಂಗಯ್ಯ ಅಪ್ಪನನ್ನು ಮೂರು ವರ್ಷ ಕಳಿಸಿದ.

ಡಿಗ್ರಿ ಮುಗಿದ ವರ್ಷ ಕಾಗದ ಬರಲಿಲ್ಲ. ಅವ್ವ ಜೂನ್ ಇಡೀ ಪೋಸ್ಟ್‌ಮನ್ ದಾರಿ ಕಾದಳು. ತಿಂಗಳ ಕೊನೆಯ ಸಂಜೆ ಸೈರನ್ ಕೂಗಿತು, ಅವಳು ಏಳಲಿಲ್ಲ. "ಇನ್ನು ಹೋದ್ರು ಕಣೇ ನೀಲಾ" ಅಂದು ಮೊದಲ ಸಲ ಗಟ್ಟಿಯಾಗಿ ಅತ್ತಳು.

ಕರಡಿಗೆ ಈಗ ನನ್ನ ಹತ್ತಿರವಿದೆ. ದಿನಾ ಪೂಜೆ ಮುಗಿಸಿ ಅದನ್ನೊಮ್ಮೆ ತೆರೆದು ನೋಡಿ ಮುಚ್ಚಿಡುತ್ತೇನೆ. ಲಿಂಗೈಕ್ಯರಾದವರು ಕೊಟ್ಟ ಮಾತನ್ನೂ ನಡೆಸಿಕೊಡುವವನು ಒಬ್ಬನಿದ್ದಾನೆ, ಅವನಿಗೆ ಶರಣು.