ಒಡೆದರೂ ಕರಗದ ಮಾತ್ರೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತುಮಕೂರಿನ ಒಂದು ಸಣ್ಣ ಮಾತ್ರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಮಾತ್ರೆಗಳನ್ನು ಜಾಲರಿಯ ಬುಟ್ಟಿಗೆ ಹಾಕಿ, ಬೆಚ್ಚಗಿನ ನೀರಿನಲ್ಲಿ ಮೇಲೆ ಕೆಳಗೆ ಆಡಿಸಿ, ಹೇಳಿದ ಹೊತ್ತಿನೊಳಗೆ ಒಡೆದು ಪುಡಿಯಾದರೆ ಪಾಸ್ ಮಾಡುವುದು ನನ್ನ ಕೆಲಸ. ಹೊಟ್ಟೆಯಲ್ಲೂ ಹೀಗೇ ಆಗುತ್ತದೆಂದು ನಂಬಿದ್ದೆವು. ನಂಬದೆ ಕೂತು ಯೋಚಿಸುವಷ್ಟು ಪುರುಸೊತ್ತೂ ಇರಲಿಲ್ಲ.

ನನ್ನ ಅಕ್ಕನನ್ನು ಚೇಳೂರಿಗೆ ಕೊಟ್ಟಿತ್ತು. ಅವಳಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ತಪ್ಪದೆ ಮಾತ್ರೆ ನುಂಗುತ್ತಿದ್ದುದರಿಂದ ಮದುವೆಯಾದ ಮೇಲೆ ವರ್ಷಗಟ್ಟಲೆ ಅದರ ಸುಳಿವೇ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಮುದ್ದೆ ತಿರುವುತ್ತಿದ್ದವಳು ಒಲೆಯ ಪಕ್ಕದಲ್ಲೇ ಬಿದ್ದಳು. ಬಲಗೈ ಸುಟ್ಟಿತು. ಆ ಗಾಯ ಮಾಯುವ ಮೊದಲೇ ಇನ್ನೊಂದು ಸಲ ಬಿದ್ದಳು.

ನೋಡಲು ಹೋದ ನನ್ನನ್ನು ಅಕ್ಕನ ಅತ್ತೆ ಜಗುಲಿಯಲ್ಲೇ ನಿಲ್ಲಿಸಿಕೊಂಡರು.

“ನಿಮ್ಮಕ್ಕ ಮಾತ್ರೆ ನುಂಗಲ್ಲ ಕಣಮ್ಮ. ಎಲ್ಲೋ ಬಿಸಾಕ್ತಾಳೆ. ಇಷ್ಟು ವರ್ಷ ಇಲ್ದಿದ್ದು ಈಗ್ಯಾಕೆ ಬರ್ಬೇಕು?”

ಒಳಗೆ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. “ಒಂದು ಹೊತ್ತೂ ಬಿಟ್ಟಿಲ್ಲ ಕಣೇ. ಹೇಳಿ ಹೇಳಿ ಸಾಕಾಗೈತೆ. ನೀನೂ ನಂಬದಿದ್ರೆ ಬುಡು,” ಅಂದಳು.

ನಾನು ನಂಬಿದೆ. ಮಾತ್ರೆ ತರಿಸಿ ನೋಡಿದರೆ ಔಷಧಿ ಅದೇ, ಕಂಪನಿ ಬೇರೆ. ಹಳೆಯದು ಬರುತ್ತಿಲ್ಲವೆಂದು ಗುಬ್ಬಿಯ ಅಂಗಡಿಯಲ್ಲಿ ಇದನ್ನು ಕೊಟ್ಟಿದ್ದರು. ನನ್ನನ್ನು ಕೇಳಿದ್ದರೂ ಎರಡೂ ಒಂದೇ ಅನ್ನುತ್ತಿದ್ದೆ. ಡಾಕ್ಟರನ್ನು ವಿಚಾರಿಸಿ, ತುಮಕೂರಿನಲ್ಲಿ ಹಳೆಯ ಕಂಪನಿಯದನ್ನೇ ಹುಡುಕಿ ಕಳಿಸಿದೆ. ಹೊಸದರಲ್ಲಿ ಒಂದಷ್ಟನ್ನು, ಹಳೆಯದರಲ್ಲೂ ಕೆಲವನ್ನು ಲ್ಯಾಬಿಗೆ ಒಯ್ದೆ.

ಬುಟ್ಟಿಯಲ್ಲಿ ಎರಡೂ ಚೆನ್ನಾಗಿ ಒಡೆದವು. ಆದರೆ ಆ ನೀರನ್ನು ಸೋಸಿ ಅಳೆದಾಗ ಹೊಸ ಮಾತ್ರೆಯ ಔಷಧಿ ನೀರಿಗೆ ಇಳಿದದ್ದು ಬಹಳ ಕಡಿಮೆ. ಪುಡಿ ಪುಡಿಯಾಗಿಯೇ ತಳದಲ್ಲಿ ಕೂತಿತ್ತು.

ಲ್ಯಾಬಿನ ಮೇಲ್ವಿಚಾರಕರು ವಯಸ್ಸಾದವರು, ಮಾತು ಕಡಿಮೆ. “ನಿಮ್ಮಕ್ಕ ನುಂಗಿದ್ದು ನಮ್ಮ ಮಾತ್ರೆನಾ?” ಅಂದರು.

“ಅಲ್ಲ ಸಾರ್.”

“ಮತ್ತೆ ನಮಗ್ಯಾಕಮ್ಮ?”

“ನಮ್ದು ಕರಗುತ್ತೆ ಅಂತ ನಮಗೆ ಗೊತ್ತಾ ಸಾರ್?”

ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ನೀರಿನಲ್ಲಿ ಕರಗಿದ್ದು ಮೈಗೂ ಸೇರುತ್ತದೆಯೇ ಎಂದು ನೋಡಲು ಮಾರನೆಯ ದಿನ ಅವರೇ ಒಂದು ದಾರಿ ಹೇಳಿದರು: ಕುರಿಯ ಕರುಳಿನ ತುಂಡನ್ನು ಒಳಮೈ ಹೊರಗೆ ಬರುವಂತೆ ಮಗುಚಿ, ಒಳಗೆ ಉಪ್ಪುನೀರು ತುಂಬಿ, ಎರಡೂ ಕಡೆ ದಾರ ಕಟ್ಟಿ, ಔಷಧಿಯ ನೀರಿನಲ್ಲಿ ಬಿಡುವುದು. ಒಳಗೆ ದಾಟಿ ಬಂದಷ್ಟೇ ಮೈಗೆ ಸೇರುವ ಔಷಧಿ.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಸೊಂಟ ನೋಯುತ್ತದೆ. ಬೆಳಿಗ್ಗೆ ಕಸಾಯಿಖಾನೆಯಿಂದ ಕರುಳು ತಂದು, ತೊಳೆದು, ಕೆಲಸ ಶುರು ಮಾಡುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಕರುಳಿನ ಜೀವ ಉಳಿಸಲು ನೀರಿಗೆ ಗಾಳಿ ಊದುತ್ತಿದ್ದ ಪಂಪು ನಿಂತು, ಅದು ಸಾಯುತ್ತಿತ್ತು. ಸತ್ತ ಕರುಳು ಏನನ್ನೂ ತಡೆಯುವುದಿಲ್ಲ. ಎಲ್ಲ ಔಷಧಿಯೂ ಒಳಗೆ ನುಗ್ಗಿ, ಮಾತ್ರೆ ಬಹಳ ಒಳ್ಳೆಯದು ಅನ್ನುವ ಲೆಕ್ಕ ಬರುತ್ತಿತ್ತು. ಮನೆಯಲ್ಲಿ ಅಮ್ಮ ನನ್ನ ಸೀರೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕತೊಡಗಿದರು. ಬಿಟ್ಟುಬಿಡೋಣ ಎಂದು ಬಸ್ಸಿನಲ್ಲಿ ಎಷ್ಟೋ ಸಲ ಅಂದುಕೊಂಡೆ.

ಕೊನೆಗೆ, ಬದುಕಿರುವ ಕರುಳು ಒಳಗೆ ಬಿಡದಂಥ ಒಂದು ಕೆಂಪು ಬಣ್ಣವನ್ನು ಹೊರಗಿನ ನೀರಿಗೆ ಸೇರಿಸಿದೆವು. ಒಳಗಿನ ನೀರು ಕೆಂಪಾದರೆ ಆ ದಿನದ ಕೆಲಸ ಚೆಲ್ಲುವುದು. ಚೆಲ್ಲಿದ ದಿನಗಳೇ ಹೆಚ್ಚು. ಉಳಿದ ದಿನಗಳ ಲೆಕ್ಕ ಮಾತ್ರ ಒಂದಕ್ಕೊಂದು ಹೊಂದತೊಡಗಿತು: ಅಕ್ಕನ ಹೊಸ ಮಾತ್ರೆಯಂತೆ ನೀರಿನಲ್ಲಿ ಕರಗದ್ದು ಕರುಳನ್ನೂ ದಾಟುತ್ತಿರಲಿಲ್ಲ. ಜೋರಾಗಿ ಕಲಕಿದರೆ ಕೆಟ್ಟ ಮಾತ್ರೆಯೂ ಕರಗಿಬಿಡುತ್ತದೆಂದು ತಿಳಿದು, ನಿಧಾನವಾಗಿ ಕಲಕುವುದನ್ನೂ ಕಲಿತೆವು.

ನಮ್ಮದೇ ಒಂದು ಸಕ್ಕರೆ ಕಾಯಿಲೆಯ ಮಾತ್ರೆ ಈ ಪರೀಕ್ಷೆಯಲ್ಲಿ ಫೇಲಾಯಿತು. ಮೇಲ್ವಿಚಾರಕರು ಮಾಲೀಕರ ಮುಂದೆ ಇಡೀ ಮಧ್ಯಾಹ್ನ ಕೂತು ಬೈಸಿಕೊಂಡು ಬಂದರು. “ಬೇಗ ಕರಗೋ ಹಾಗೆ ಔಷಧಿ ಪುಡಿ ಇನ್ನೂ ನುಣ್ಣಗೆ ಮಾಡ್ತಾರಂತೆ,” ಅಂದಷ್ಟೇ ಹೇಳಿ ಟೀ ತರಿಸಿದರು.

ಅಷ್ಟು ಹೊತ್ತಿಗೆ ಹಳೆಯ ಮಾತ್ರೆಗೆ ಮರಳಿದ್ದ ಅಕ್ಕ ಬೀಳುವುದು ನಿಂತಿತ್ತು. ಚೇಳೂರಿಗೆ ಹೋದಾಗ ಅವಳ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: “ಮಾತ್ರೆದೇ ದೋಷ ಇತ್ತಂತೆ. ಈ ಹುಡ್ಗಿ ಕಂಡುಹಿಡಿದ್ಲು.”

ಅಕ್ಕ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

“ಕುರಿ ಕರುಳು ಹೇಳಿದ್ನ ನಮ್ಮತ್ತೆ ನಂಬಿದ್ರಲ್ಲ,” ಅಂದಳು. “ನಾನ್ ಹೇಳ್ದಾಗ ನಂಬ್ಲಿಲ್ಲ.”

ನಾನು ತೊಳೆದ ಪಾತ್ರೆಗಳನ್ನು ಎತ್ತಿ ಒಳಗಿಟ್ಟೆ. ಗುಬ್ಬಿಯ ಬಸ್ಸು ಬರುವವರೆಗೆ ಉಳಿದ ಪಾತ್ರೆಗಳನ್ನು ಇಬ್ಬರೂ ಸೇರಿ ತಿಕ್ಕಿದೆವು.