ಹೊರಗಿನ ಚಿಲಕ

ಕತಾರಿನಲ್ಲಿ ಬೆಳೆದ ನಮ್ಮಂಥವರಿಗೆ ಆಗ ವಾರವೆಂದರೆ ಶುಕ್ರವಾರ ಒಂದೇ. ಉಳಿದ ದಿನಗಳು ಶಾಲೆಯ ಬಸ್ಸಿನಲ್ಲಿ ತೂಕಡಿಸಿ ಕಳೆದುಹೋಗುತ್ತಿದ್ದವು. ಶುಕ್ರವಾರ ಎದ್ದರೆ ಮನೆಯಿಡೀ ಕೋರಿ ಸುಕ್ಕದ ಮಸಾಲೆ ಹುರಿಯುವ ಪರಿಮಳ. ಊರಿಂದ ಸೂಟ್‌ಕೇಸಿನಲ್ಲಿ ಬಂದ ಕುಚ್ಚಲಕ್ಕಿ ಕುಕ್ಕರಿನಲ್ಲಿ ಕೂಗಿ ಕೂಗಿ ಸುಸ್ತಾಗುತ್ತಿತ್ತು. ಊಟ ಮುಗಿಸಿ ದೊಡ್ಡವರೆಲ್ಲ ಪರದೆ ಎಳೆದು, ಎಸಿ ಹಾಕಿ ಮಲಗಿಬಿಡುತ್ತಿದ್ದರು. ಆ ಮೂರು ಗಂಟೆ ಮಕ್ಕಳದು. ಚಳಿಗಾಲದಲ್ಲಿ ವಿಲ್ಲಾದ ಹಿಂದಿನ ಮರಳು ಜಾಗದಲ್ಲಿ ಟೇಪು ಸುತ್ತಿದ ಚೆಂಡಿನ ಕ್ರಿಕೆಟ್. ಬೇಸಿಗೆಯಲ್ಲಿ ಹೊರಗೆ ಕಾಲಿಡುವಂತಿರಲಿಲ್ಲ, ಹಾಗಾಗಿ ಬ್ಯಾಂಡು.

ಹೌದು, ನಮ್ಮದೊಂದು ಬ್ಯಾಂಡಿತ್ತು. ಹೆಸರು ಬೊಳ್ಪು, ತುಳುವಿನಲ್ಲಿ ಬೆಳಕು ಎಂದರ್ಥ. ಹೆಸರಿಟ್ಟವನು ನನ್ನ ಅಣ್ಣ ಪ್ರಮೋದ. ಅವನಿಗೆ ಹದಿನಾರು, ಗಿಟಾರು ಬಾರಿಸುತ್ತಿದ್ದ, ಎಲ್ಲದಕ್ಕೂ ತಾನೇ ಯಜಮಾನ. ಕೀಬೋರ್ಡಿಗೆ ಅವನ ಕ್ಲಾಸಿನ ಇಮ್ತಿಯಾಜ್. ಅವನ ಮನೆ ನಜ್ಮಾ ಬಡಾವಣೆಯಲ್ಲಿ, ಮನೆಯ ಮಾತು ಬ್ಯಾರಿ. ಶುಕ್ರವಾರ ಜುಮಾ ನಮಾಜು ಮುಗಿಸಿ, ಬಿಳಿ ಜುಬ್ಬಾದಲ್ಲೇ ಬರುತ್ತಿದ್ದ. ಡ್ರಮ್ಸಿಗೆ ಕಿಶೋರಣ್ಣ. ಹಾಡಲು ನಾನು, ಹದಿಮೂರರ ನಯನ.

ಮುಐದರ್‌ನಲ್ಲಿ ನಾವಿದ್ದ ವಿಲ್ಲಾವನ್ನು ನಾಲ್ಕು ಭಾಗ ಮಾಡಿ ನಾಲ್ಕು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಒಂದರಲ್ಲಿ ನಾವು, ಪಕ್ಕದ್ದರಲ್ಲಿ ಕಿಶೋರಣ್ಣನ ಮನೆ. ಗೇಟಿನ ಬಳಿ, ಹಿಂದೆ ಯಾರೋ ಡ್ರೈವರನಿಗೆಂದು ಕಟ್ಟಿದ ಒಂದು ಕೋಣೆಯಿತ್ತು. ಅದೇ ನಮ್ಮ ಪ್ರಾಕ್ಟೀಸಿನ ಜಾಗ. ಅದಕ್ಕೆ ಧೂಳು ಒದ್ದೆಯಾದ ವಾಸನೆ ಬೀರುವ ಒಂದು ಕಿಟಕಿ ಎಸಿ, ಒಂದು ಇಕ್ಕಟ್ಟಾದ ಬಾತ್‌ರೂಮು. ಬಾತ್‌ರೂಮಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆಂದು ಹೊರಗಿನಿಂದಲೂ ಒಂದು ಚಿಲಕ ಹಾಕಿಸಿದ್ದರು.

ಕಿಶೋರಣ್ಣನ ತಾಯಿ ಶೋಭಾ ಆಂಟಿ ಆಸ್ಪತ್ರೆಯೊಂದರಲ್ಲಿ ನರ್ಸು. ಡ್ಯೂಟಿ ಇಲ್ಲದಾಗ ನಿದ್ದೆ, ನಿದ್ದೆ ಇಲ್ಲದಾಗ ಡ್ಯೂಟಿ. ತಂದೆ ಜಯಂತ ಅಂಕಲ್‌ಗೆ ಕೈ ಮುಂದು. ಒಮ್ಮೆ ಮಗನಿಗೆ ಬೆಲ್ಟಿನಲ್ಲಿ ಹೊಡೆದ ಸದ್ದು ಗೋಡೆಯಾಚೆ ನಮಗೂ ಕೇಳಿತ್ತು. ನಮ್ಮಮ್ಮ ಟಿವಿಯ ಸದ್ದು ಜಾಸ್ತಿ ಮಾಡಿದ್ದರು. ಅಂಕಲ್‌ಗೆ ಮದ್ಯ ಕೊಳ್ಳುವ ಪರ್ಮಿಟ್ ಇತ್ತು, ಮನೆಯ ಕಪಾಟಿನಲ್ಲಿ ಬಾಟ್ಲಿಗಳಿರುತ್ತಿದ್ದವು. ಕಿಶೋರಣ್ಣ ಶುರುಮಾಡಿದ್ದು ಅಲ್ಲಿಂದ. ಕೋಲಾದ ಬಾಟ್ಲಿಯಲ್ಲಿ ಬೆರೆಸಿಕೊಂಡು ಪ್ರಾಕ್ಟೀಸಿಗೆ ತರುತ್ತಿದ್ದ. ಮೊದಮೊದಲು ನಮಗೆ ಅದು ತಮಾಷೆ. ಎರಡು ಗುಟುಕು ಒಳಗೆ ಹೋದರೆ ಅವನ ಕೈ ಬೇರೆಯೇ ಆಗುತ್ತಿತ್ತು. ಅಷ್ಟು ಚೆನ್ನಾಗಿ ಬಾರಿಸುವವರನ್ನು ನಾನು ಆಮೇಲೂ ಹತ್ತಿರದಿಂದ ಕಂಡಿಲ್ಲ. ಅಣ್ಣನೂ ಒಂದೆರಡು ಸಲ ಕುಡಿದು, ಮುಖ ಹಿಂಡಿ, ಬಿಟ್ಟ. ಕಿಶೋರಣ್ಣ ಬಿಡಲಿಲ್ಲ.

ಜಯಂತ ಅಂಕಲ್ ಕಪಾಟಿಗೆ ಬೀಗ ಹಾಕಿದ ಮೇಲೆ ಅವನು ಕೆಮ್ಮಿನ ಸಿರಪ್ಪಿಗೆ ಇಳಿದ. ಊರಿಂದ ಬರುವ ಪ್ರತಿಯೊಬ್ಬರೂ ಆಗ ಒಂದು ಡಬ್ಬಿ ತುಂಬ ಮದ್ದು ತರುತ್ತಿದ್ದರಲ್ಲ, ಆ ಡಬ್ಬಿಗಳು ಒಂದೊಂದೇ ಹಗುರಾದವು. ನಾವು ಅವನಿಗೆ ‘ಸಿರಪ್’ ಎಂದು ಹೆಸರಿಟ್ಟೆವು. ಅವನ ನಾಲಗೆ ಹೊರಳುವುದನ್ನು ನಾನು ಅಣಕಿಸಿ ತೋರಿಸುತ್ತಿದ್ದೆ, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅವನೂ ನಗುತ್ತಿದ್ದ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಮೇ ತಿಂಗಳಲ್ಲಿ ನಮ್ಮ ಊರಿನವರ ಸಂಘದವರು ನಮ್ಮನ್ನು ಕೇಳಿನೋಡಲು ಬಂದರು. ಜೂನಿನಲ್ಲಿ, ಎಲ್ಲರೂ ರಜೆಗೆ ಹೊರಡುವ ಮೊದಲು, ಅವರ ವಾರ್ಷಿಕೋತ್ಸವ. ಅವತ್ತು ಕಿಶೋರಣ್ಣನ ಕೈ ನಡುಗುತ್ತಿತ್ತು, ಕೋಲು ಎರಡು ಸಲ ಜಾರಿ ಬಿತ್ತು. ಅವನು ನನ್ನನ್ನು ಬಾಗಿಲ ಬಳಿ ಕರೆದು ಕೇಳಿದ.

“ನಯನಾ, ನಿಮ್ಮಲ್ಲಿ ಸಿರಪ್ ಉಂಟಾ?”

“ಅಮ್ಮನಿಗೆ ಗೊತ್ತಾಗ್ತದೆ.”

“ಇವತ್ತೊಂದು ದಿವಸ ಮಾರಾಯ್ತಿ. ನಿನ್ನ ಪದ್ಯವೇ ಹಾಳಾಗುದು ನೋಡು.”

ನಾನು ಓಡಿಹೋಗಿ ಅಮ್ಮನ ಡಬ್ಬಿಯಿಂದ ತಂದುಕೊಟ್ಟೆ. ಅವನ ಮೇಲಿನ ಮರುಕದಿಂದಲ್ಲ, ನನ್ನ ಹಾಡು ಕೆಡಬಾರದೆಂದು. ಅವನು ಅದ್ಭುತವಾಗಿ ಬಾರಿಸಿದ. ನಾವು ಆಯ್ಕೆಯಾದೆವು.

ಜೂನ್ ಬಂತು. ಕಾರ್ಯಕ್ರಮಕ್ಕೆ ಒಂದು ವಾರವಿತ್ತು. ಗುರುವಾರ ಸಂಜೆ ಕಿಶೋರಣ್ಣ ಬಾರಿಸುತ್ತಿದ್ದವನು ಹಾಗೆಯೇ ಮುಂದಕ್ಕೆ ವಾಲಿ, ಇಮ್ತಿಯಾಜನ ಕೀಬೋರ್ಡಿನ ಮೇಲೆ ವಾಂತಿ ಮಾಡಿದ. ನಾವು ಮೂವರೂ ಹಳೆಯ ಬನಿಯನ್ನಿನಲ್ಲಿ ಒರೆಸಿದೆವು. ಕೀಲಿಗಳ ಸಂದಿಯಿಂದ ಸಿಹಿ ಹುಳಿ ವಾಸನೆ ಹೋಗಲೇ ಇಲ್ಲ.

“ಆಂಟಿಗೆ ಹೇಳುವ,” ಎಂದ ಇಮ್ತಿಯಾಜ್.

“ಆಂಟಿ ಅಂಕಲ್‌ಗೆ ಹೇಳ್ತಾರೆ. ಅಂಕಲ್ ಇವನನ್ನು ಕೊಲ್ತಾರೆ, ಇಲ್ಲ ಊರಿನ ಹಾಸ್ಟೆಲಿಗೆ ಹಾಕ್ತಾರೆ. ಮತ್ತೆ ಡ್ರಮ್ಸಿಗೆ ಯಾರು?” ಎಂದ ಅಣ್ಣ. “ನಾವೇ ಸರಿಮಾಡುವ. ಒಂದು ದಿವಸ ಕುಡಿಯದೆ ಇಟ್ರೆ ಖಲಾಸ್, ಬಿಟ್ಟು ಹೋಗ್ತದೆ.”

ಮಿತ್ರನನ್ನು ಉಳಿಸುವ ಮಾತಿನ ಹಾಗೆಯೇ ಅದು ಕೇಳಿಸಿತು. ನಾನೂ ತಲೆಯಾಡಿಸಿದೆ.

ಮರುದಿನ ಊಟವಾದ ಮೇಲೆ ಕಿಶೋರಣ್ಣ ಎಂದಿನಂತೆ ಬಂದ. ಶೋಭಾ ಆಂಟಿ ಡ್ಯೂಟಿಯಲ್ಲಿದ್ದರು. ಅವನ ಮುಖ ಬೂದಿ ಬಣ್ಣವಾಗಿತ್ತು, ಬೆಳಗಿನಿಂದ ಏನೂ ಸಿಕ್ಕಿರಲಿಲ್ಲವೇನೋ. ಮುಖ ತೊಳೆಯಲು ಬಾತ್‌ರೂಮಿಗೆ ಹೋದ. ಅಣ್ಣ ಎದ್ದುಹೋಗಿ ಹೊರಗಿನ ಚಿಲಕ ಎಳೆದ.

ಒಳಗಿನಿಂದ ಮೊದಲು ನಗು ಕೇಳಿತು. “ಏಯ್ ಪ್ರಮೋದ, ತೆಗಿ. ಸಾಕು ತಮಾಷೆ.”

“ತಮಾಷೆ ಅಲ್ಲ. ಇವತ್ತು ನೀನು ಒಳಗೆ. ಒಂದು ದಿವಸ ಕುಡಿಯದಿದ್ರೆ ಸಾಯುದಿಲ್ಲ ನೀನು.”

ಬಾಗಿಲು ಬಡಿಯತೊಡಗಿದ. ಸದ್ದಿಗೆ ದೊಡ್ಡವರು ಎದ್ದಾರೆಂದು ಅಣ್ಣ ಆಂಪ್ಲಿಫೈಯರ್ ಏರಿಸಿ, “ಯಲ್ಲಾ, ಶುರುಮಾಡು ನಯನಾ, ಪಲ್ಲವಿ!” ಎಂದ. ನಾನು ಹಾಡಿದೆ. ಎರಡನೇ ಸಲ ಚರಣಕ್ಕೆ ಬರುವಾಗ ಒಳಗಿನಿಂದ ಕಿಶೋರಣ್ಣ ಕೂಗಿದ.

“ನಯನಾ, ಶ್ರುತಿ ಎಲ್ಲಿಗೋ ಹೋಯ್ತಲ್ಲ! ಪ್ರತಿ ಸಲ ಅಲ್ಲೇ ತಪ್ತಿ ನೀನು!”

ಇಮ್ತಿಯಾಜ್ ಫಕ್ಕನೆ ನಕ್ಕ. ಅಣ್ಣನೂ ನಕ್ಕ. ಅದು ನಿಜವೂ ಆಗಿತ್ತು, ಅದಕ್ಕೇ ನನಗೆ ಉರಿ ಹತ್ತಿತು. ಬಾತ್‌ರೂಮಿನ ಲೈಟಿಗೂ ಎಕ್ಸಾಸ್ಟ್ ಫ್ಯಾನಿಗೂ ಒಂದೇ ಸ್ವಿಚ್ಚು, ಅದೂ ಹೊರಗಿನ ಗೋಡೆಯಲ್ಲಿ. ನಾನು ಮೈಕು ಹಿಡಿದುಕೊಂಡೇ ಹೋಗಿ ಅದನ್ನು ಆರಿಸಿದೆ. ಕಿಟಕಿಯಿಲ್ಲದ ಆ ಗೂಡು ಕತ್ತಲಾಯಿತು. ಆರಿಸಲು ನನಗೆ ಯಾರೂ ಹೇಳಿರಲಿಲ್ಲ.

“ನಯನಾ, ಲೈಟ್ ಹಾಕು. ನಯನಾ, ಉಸಿರು ಕಟ್ತದೆ. ನೀರೂ ಬೆಂಕಿ ಉಂಟು ಮಾರ್ರೆ, ತೆಗೀರಿ.”

ಅಲ್ಲಿನ ಬೇಸಿಗೆ ಕಂಡವರಿಗೆ ಗೊತ್ತು. ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕುದಿದು, ತಣ್ಣೀರಿನ ನಲ್ಲಿಯಲ್ಲೂ ಕೈ ಇಡಲಾಗದಷ್ಟು ಸುಡುತ್ತಿರುತ್ತದೆ. ನಮಗೂ ಗೊತ್ತಿತ್ತು. ನಾವು ನುಡಿಸಿದೆವು. ಅವನು ಅತ್ತ, ಬೈದ, ಅಮ್ಮನನ್ನು ಕರೆದ, ಅಣ್ಣನಿಗೆ ದೇವರ ಆಣೆ ಹಾಕಿದ. ಆ ಒಂದೇ ಹಾಡನ್ನು ನಾನು ಎಷ್ಟು ಸಲ ಹಾಡಿದೆನೋ. ಹಾಡುತ್ತ ಹಾಡುತ್ತ ಚರಣದ ಆ ಜಾಗ ಸರಿಯಾಯಿತು, ಸರಿಯಾದದ್ದು ತಿಳಿದು ಖುಷಿಯೂ ಆಯಿತು.

ಮೂರು ಗಂಟೆಯ ಅಸರ್ ನಮಾಜಿನ ಬಾಂಗ್ ಕೇಳಿದಾಗ ನಾವು ಎಂದಿನಂತೆ ನುಡಿಸುವುದನ್ನು ನಿಲ್ಲಿಸಿದೆವು. ಆಗ ಗೊತ್ತಾಯಿತು, ಒಳಗಿನಿಂದ ಬಡಿತವಿಲ್ಲ. ನಲ್ಲಿ ಸುರಿಯುವ ಸದ್ದು ಮಾತ್ರ.

“ತೆಗಿ ಮಾರಾಯ, ಸಾಕು,” ಎಂದ ಇಮ್ತಿಯಾಜ್.

“ಸ್ನಾನ ಮಾಡ್ತಿದ್ದಾನೆ. ಈಗ ತೆಗೆದ್ರೆ ಮಾಡಿದ್ದೆಲ್ಲ ವೇಸ್ಟ್. ಇನ್ನೊಂದು ಗಂಟೆ.”

ಇಮ್ತಿಯಾಜ್ ಪಕ್ಕದ ಮಸೀದಿಗೆ ಹೋದ. ಅಣ್ಣನೂ ನಾನೂ ಮನೆಗೆ ಹೋಗಿ ಚಹಾಕ್ಕೆ ಅದ್ದಿ ರಸ್ಕ್ ತಿಂದೆವು. ಆಗಷ್ಟೇ ಎದ್ದ ಅಮ್ಮ ಕೂದಲು ಕಟ್ಟಿಕೊಳ್ಳುತ್ತ, “ಇವತ್ತು ಭಾರೀ ಜೋರು ಪ್ರಾಕ್ಟೀಸ್ ಅಲ್ವಾ, ಚಂದ ಬರ್ತಾ ಉಂಟು,” ಎಂದರು.

ಚಿಲಕ ತೆಗೆದವನು ಇಮ್ತಿಯಾಜ್. ನಮಾಜು ಮುಗಿಸಿ ನೇರ ಬಂದು ತೆಗೆದಿದ್ದ. ಅವನು ಕಿರುಚಿದ್ದು ಕೇಳಿ ನಾವು ಓಡಿದೆವು. ಕಿಶೋರಣ್ಣ ನೆಲದ ಮೇಲೆ ಬಿದ್ದಿದ್ದ. ಬಾಯಿಯಲ್ಲಿ ನೊರೆ, ಹುಬ್ಬಿನ ಮೇಲೆ ಒಡೆದ ಗಾಯ. ಎಡಗೈ ನಲ್ಲಿಯ ಕೆಳಗಿತ್ತು, ನೀರು ಅದರ ಮೇಲೆಯೇ ಸುರಿಯುತ್ತಿತ್ತು. ಎಷ್ಟು ಹೊತ್ತಿನಿಂದಲೋ. ಚರ್ಮ ಒದ್ದೆ ಕಾಗದದ ಹಾಗೆ ಸುಲಿದು ಬಂದಿತ್ತು.

ಅಪ್ಪ ಬಂದರು. ಅವನನ್ನು ನೋಡಿದರು, ಆಮೇಲೆ ಬಾಗಿಲ ಹೊರಗಿನ ಚಿಲಕವನ್ನು ನೋಡಿದರು, ಆಮೇಲೆ ನಮ್ಮನ್ನು. ಅವನನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಗಾಜು ಇಳಿಸಿ ಹೇಳಿದರು.

“ಜಾರಿ ಬಿದ್ದ. ಅಷ್ಟೇ. ಬೇರೆ ಒಂದಕ್ಷರ ಯಾರ ಬಾಯಿಂದಲೂ ಬರಬಾರದು. ಕೇಸಾದ್ರೆ ಎಲ್ಲರೂ ವಿಮಾನ ಹತ್ತಬೇಕಾಗ್ತದೆ.”

ಕಿಶೋರಣ್ಣನಿಗೆ ಫಿಟ್ಸ್ ಬಂದಿತ್ತಂತೆ. ಎರಡು ದಿನ ಬಿಟ್ಟು ಎಚ್ಚರವಾದಾಗ ಡಾಕ್ಟರು ಏನಾಯಿತೆಂದು ಕೇಳಿದರು. ನಾವು ಮೂವರೂ ಮಂಚದ ಬುಡದಲ್ಲಿ ನಿಂತಿದ್ದೆವು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿ, “ಜಾರಿ ಬಿದ್ದೆ,” ಎಂದ. ಹೊರಗೆ ಬಂದ ಮೇಲೆ ಅಣ್ಣ ಉಸಿರು ಬಿಟ್ಟು, “ಒಳ್ಳೆ ಹುಡುಗ,” ಎಂದ. ಎಷ್ಟು ಹಗುರಾಗಿ ಹೇಳಿದನೆಂದರೆ ನಾನೂ ಹಗುರಾದೆ.

ಕಾರ್ಯಕ್ರಮ ನಿಲ್ಲಲಿಲ್ಲ. ಡ್ರಮ್ಸಿನ ಬದಲು ಕೀಬೋರ್ಡಿನಲ್ಲಿದ್ದ ತಾಳವನ್ನು ಹಾಕಿಕೊಂಡು ಇಮ್ತಿಯಾಜ್ ತಲೆ ತಗ್ಗಿಸಿ ನುಡಿಸಿದ. ನಾನು ಹಸಿರು ಲಂಗ ಉಟ್ಟು ಹಾಡಿದೆ. ಚರಣದಲ್ಲಿ ಒಂದಿಷ್ಟೂ ತಪ್ಪಲಿಲ್ಲ. ಮೂರನೆಯ ಸಾಲಿನಲ್ಲಿ, ಆಸ್ಪತ್ರೆಯಿಂದ ನೇರ ಬಂದ ಬಿಳಿ ಬಟ್ಟೆಯಲ್ಲೇ ಶೋಭಾ ಆಂಟಿ ಕೂತಿದ್ದರು. ಹಾಡು ಮುಗಿದಾಗ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು. ತಿಂಗಳು ತುಂಬುವ ಮೊದಲೇ ಕೆಲಸ ಬಿಟ್ಟು ಮಗನನ್ನು ಕರೆದುಕೊಂಡು ಊರಿಗೆ ಹೋದರು. ಡ್ರಮ್ಸನ್ನು ಯಾರೋ ಫಿಲಿಪಿನೋ ಹುಡುಗರು ಒಯ್ದರು. ನಾವು ಗೇಟಿನವರೆಗೆ ಹೊರಲು ಸಹಾಯ ಮಾಡಿದೆವು.

ಹೋದ ವರ್ಷ ಮಂಗಳೂರಿಗೆ ಹೋದಾಗ, ಮೊದಲೇ ಫೋನು ಮಾಡಿ ತಿಳಿಸಿ, ಆಂಟಿಯ ಮನೆ ಹುಡುಕಿಕೊಂಡು ಹೋದೆ. ಸುರತ್ಕಲ್ ಕಡೆ, ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಕೂದಲು ಪೂರ್ತಿ ನರೆತಿತ್ತು. ಕೂರಿಸಿದರು, ಕುಡಿಯಲು ಬೊಂಡ ಕೆತ್ತಿ ಕೊಟ್ಟರು. ಕಿಶೋರ ಊರಿಗೆ ಬಂದ ಮೇಲೆ ಮತ್ತೂ ಎಂಟು ವರ್ಷ ಕುಡಿದನಂತೆ. ಎರಡು ಸಲ ಬಿಡಿಸುವ ಕೇಂದ್ರಕ್ಕೆ ಸೇರಿಸಿದ್ದರಂತೆ. ಬಿಟ್ಟು ಈಗ ವರ್ಷಗಳಾದವು, ಪೈಂಟ್ ಅಂಗಡಿಯಲ್ಲಿ ಕೆಲಸ. ಎಡಗೈಯ ಎರಡು ಬೆರಳು ಮಡಚುವುದಿಲ್ಲ.

ಚಿಲಕದ ಮಾತು, ಸ್ವಿಚ್ಚಿನ ಮಾತು ಎಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಆಂಟಿ ಅಳಲಿಲ್ಲ.

“ನನಗೆ ಅವತ್ತೇ ಗೊತ್ತು ಮಗಾ. ಅವನ ಸುಡದ ಬಲಗೈಯ ಗೆಣ್ಣು ನೋಡಿದ್ದೆ, ಅಲ್ಲಿಯೂ ಚರ್ಮ ಉಳಿದಿರಲಿಲ್ಲ. ಜಾರಿ ಬಿದ್ದವನ ಕೈ ಹಾಗಾಗುದಿಲ್ಲ. ಬಾಗಿಲು ಬಡಿದವನ ಕೈ ಅದು.”

“ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಆಂಟಿ?”

“ನಾನು ಬಾಯಿ ಬಿಟ್ರೆ ಪೊಲೀಸು. ಪೊಲೀಸಿನವರು ಮೊದಲು ಕೇಳುದು ಅವನ ರಕ್ತದಲ್ಲಿ ಎಂತ ಇತ್ತು ಅಂತ. ನಿಮ್ಮನ್ನು ಹಿಡಿಸ್ಬೇಕಾದ್ರೆ ಮೊದಲು ಅವನನ್ನು ಕೊಡ್ಬೇಕಿತ್ತು.” ನನ್ನ ಕೈಯಿಂದ ಖಾಲಿ ಬೊಂಡ ತೆಗೆದುಕೊಂಡರು. “ಕಾರ್ಯಕ್ರಮಕ್ಕೆ ಬಂದದ್ದು ನಿನ್ನ ಮುಖ ನೋಡ್ಲಿಕ್ಕೆ. ಹಾಡುವಾಗ ಒಂದು ಕಡೆಯಾದ್ರೂ ನಿನ್ನ ಗಂಟಲು ಕಟ್ತದಾ ಅಂತ. ಕಟ್ಟಲಿಲ್ಲ. ಚಂದ ಹಾಡಿದಿ.”

ಕತಾರಿನಲ್ಲಿ ಬೆಳೆದವರು ಎಲ್ಲಿ ಸೇರಿದರೂ ಬಿಸಿ ಖುಬ್ಬೂಸು ರೊಟ್ಟಿ, ಕರಕ್ ಚಹಾ, ಮರಳು ಬಿರುಗಾಳಿಗೆ ರಜೆ ಸಿಕ್ಕ ದಿನ ಎಂದೆಲ್ಲ ನೆನೆದು ನಗುತ್ತಾರೆ. ನನಗೂ ಅವೆಲ್ಲ ನೆನಪಿವೆ. ಆದರೆ ‘ಹೌದಲ್ವಾ’ ಎನ್ನಬೇಕಾದವರು ನನಗೆ ಉಳಿದಿಲ್ಲ. ಇಮ್ತಿಯಾಜ್ ನಮ್ಮ ಫೋನು ಎತ್ತುವುದಿಲ್ಲ. ಅಣ್ಣನೆದುರು ಬೊಳ್ಪು ಎಂಬ ಹೆಸರು ಎತ್ತಿದರೆ ಅವನು ಕೋಣೆ ಬಿಟ್ಟು ಹೋಗುತ್ತಾನೆ. ನಾನು ಮಗಳಿಗೆ ಜೋಗುಳವನ್ನೂ ಹಾಡಿಲ್ಲ.

ಆಂಟಿ ಎದ್ದು ಕಿಟಕಿಯಿಂದ ಕೆಳಗೆ ನೋಡಿದರು. ನಾನೂ ನೋಡಿದೆ. ರಸ್ತೆಯಾಚೆ, ಮುಚ್ಚಿದ ಅಂಗಡಿಯ ನೆರಳಿನಲ್ಲಿ ಒಬ್ಬ ಗಂಡಸು ಬೆನ್ನು ತಿರುಗಿಸಿ ನಿಂತಿದ್ದ.

“ನೀನು ಬರ್ತಿ ಅಂತ ಅವನಿಗೆ ಹೇಳಿದ್ದೆ,” ಎಂದರು ಆಂಟಿ. “ಇನ್ನು ಹೊರಡು ಮಗಾ. ಅವನಿಗೆ ಊಟಕ್ಕೆ ಬರ್ಬೇಕು.”

ಮೆಟ್ಟಿಲಿಳಿದು ಆಟೋ ನಿಲ್ಲಿಸಿದೆ. ನಾನು ಹತ್ತಿ, ಆಟೋ ತಿರುವು ದಾಟುವವರೆಗೂ ಅವನು ರಸ್ತೆಗೆ ಇಳಿಯಲಿಲ್ಲ.